ಹುಬ್ಬಳ್ಳಿಯಲ್ಲಿ ನಮ್ಮದೊಂದು ಡ್ಯಾನ್ಸ್ ಪಾರ್ಟಿ: ಎಂಟೂವರೆಗೆ ಮುಗಿಯುತ್ತದೆ, ಅದೇ ಚೆಂದ

ಹಾಲ್ ಎಲ್ಲಿದೆ, ನಡೆಸುವವರು ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಹುಬ್ಬಳ್ಳಿ ದೊಡ್ಡ ಊರೇ, ಆದರೂ ಯಾವ ಬಸ್ ಸ್ಟಾಪಿನಲ್ಲಿ ನಿಂತರೂ ಅಪ್ಪನ ಆಫೀಸಿನವರೋ ಸೋದರತ್ತೆಯ ಕಡೆಯವರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಬರಬೇಕು ಅನ್ನುವವರ ಜೊತೆ ಪಾರ್ಟಿ ನಡೆಸುವವರು ಮೊದಲು ಫೋನಿನಲ್ಲಿ ಮಾತಾಡುತ್ತಾರೆ, ಪಾರ್ಟಿಯ ದಿನ ಬೆಳಿಗ್ಗೆ ಲೊಕೇಶನ್ ಕಳಿಸುತ್ತಾರೆ. ಹೆಣ್ಣನ್ನು ಪ್ರೀತಿಸುವ, ಕ್ವಿಯರ್ ಅಂತ ಕರೆದುಕೊಳ್ಳುವ ಹೆಣ್ಣುಮಕ್ಕಳಿಗೆ ಅಂತಲೇ ಮಾಡುವ ಪಾರ್ಟಿ ಇದು. ಟ್ರಾನ್ಸ್ ಹೆಣ್ಣುಮಕ್ಕಳೂ ಇದರಲ್ಲಿ ಸೇರಿದ್ದಾರೆ ಅಂತ ಮೊದಲ ಮೆಸೇಜಿನಲ್ಲೇ ಬರೆದಿರುತ್ತಾರೆ, ಬಾಗಿಲಲ್ಲಿ ನಿಂತು ವಾದ ಮಾಡುವ ಕೆಲಸವಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ಶುರು, ಎಂಟೂವರೆಗೆ ಬಂದ್. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇದೇ. ಬೆಂಗಳೂರಿನಲ್ಲಿ ಪಾರ್ಟಿ ಅಂದರೆ ರಾತ್ರಿ ಹತ್ತರ ಮೇಲಿನ ಮಾತು, ಇಲ್ಲಿ ಹಾಗೆ ಮಾಡಿದರೆ ಒಂಟಿಯಾಗಿ ಸ್ವಂತ ಕಾರಿನಲ್ಲಿ ಓಡಾಡುವವರಷ್ಟೇ ಬಂದಾರು. ಲೇಡೀಸ್ ಹಾಸ್ಟೆಲ್ ಗೇಟು ಬೇಗ ಹಾಕುತ್ತಾರೆ, ಧಾರವಾಡದವರು ಚಿಗರಿ ಬಸ್ಸು ಹಿಡಿಯಬೇಕು, ಗದಗ ಹಾವೇರಿಯವರು ಬಸ್ಸೋ ರೈಲೋ ನೋಡಿಕೊಳ್ಳಬೇಕು, ಗೆಳತಿಯ ಬರ್ತ್‌ಡೇ ಅಂತ ಮನೆಯಲ್ಲಿ ಹೇಳಿ ಬಂದವರಿಗೆ ಆ ಮಾತು ಒಂಬತ್ತರ ಮೇಲೆ ನಡೆಯುವುದಿಲ್ಲ. ಹೊರಡುವಾಗ ಯಾರು ಯಾವ ಕಡೆ ಅಂತ ಕೇಳಿ ಜೊತೆ ಮಾಡಿ ಕಳಿಸುತ್ತಾರೆ, ಮನೆ ಮುಟ್ಟಿದಿರಾ ಅಂತ ಆಮೇಲೆ ಮೆಸೇಜೂ ಬರುತ್ತದೆ.

ಒಳಗೆ ಹೋಗುತ್ತಲೇ ಒಬ್ಬ ಹುಡುಗಿ, "ಅಕ್ಕಾ, ಫೋನ್ ಕೊಡ್ರಿ, ಕ್ಯಾಮೆರಾಕ್ಕ ಸ್ಟಿಕರ್ ಹಚ್ತೀನಿ" ಅಂದಳು. ಹಿಂದಕ್ಕೂ ಮುಂದಕ್ಕೂ ಹಚ್ಚಿದಳು. ಆಧಾರ್ ಕೇಳಲಿಲ್ಲ, ಏನಂತ ಕರೆಯಬೇಕು ಅಂತ ಮಾತ್ರ ಕೇಳಿದಳು. ಆಧಾರಿನಲ್ಲಿ ಹಳೆಯ ಹೆಸರು ಇರುವವರಿಗೆ ಇದು ಎಷ್ಟು ದೊಡ್ಡದು ಅಂತ ಅವರಿಗೇ ಗೊತ್ತು. ಟಿಕೆಟ್ ಇನ್ನೂರು ರೂಪಾಯಿ, ಓದುವವರಿಗೆ ನೂರು, ದುಡ್ಡಿಲ್ಲದವರಿಗೆ ಪುಕ್ಕಟೆ. ನಗದು ತಗೊಳ್ಳುತ್ತಾರೆ, ಯುಪಿಐ ಮಾಡಿದರೆ ಯಾರದೋ ಸಾದಾ ಹೆಸರು ಬರುತ್ತದೆ. ಗಂಡನೋ ಅಣ್ಣನೋ ಬ್ಯಾಂಕ್ ಮೆಸೇಜ್ ನೋಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ ಸುಪ್ರೀಂ ಕೋರ್ಟ್ ತೀರ್ಪಿನಿಂದ 2018ರ ಸೆಪ್ಟೆಂಬರ್ 6ಕ್ಕೆ ಹೋಯಿತು. ಕುಣಿಯಲು ಜಾಗ ಮಾತ್ರ ಅದರ ಬೆನ್ನಿಗೇ ಬರಲಿಲ್ಲ. ನಾನೂ ನನ್ನ ಹುಡುಗಿಯೂ ಹಿಂದೆ ಒಂದು ಕಡೆ ಲೇಡೀಸ್ ನೈಟ್‌ಗೆ ಹೋದಾಗ ಕೈ ಹಿಡಿದು ಕುಣಿದಿದ್ದಕ್ಕೆ ಸುತ್ತ ಗಂಡಸರು ಬಂದು ನಿಂತರು, ಒಬ್ಬ ವಿಡಿಯೋ ಮಾಡಿದ, ಅಲ್ಲಿನ ಮ್ಯಾನೇಜರ್ ನಮಗೇ ದೂರ ನಿಲ್ಲಿ ಅಂದರು. ಮುಂಬೈಯಲ್ಲಿ 1995ರಲ್ಲಿ ಸ್ತ್ರೀ ಸಂಗಮ್, ಕೋಲ್ಕತ್ತದಲ್ಲಿ 1999ರಲ್ಲಿ ಸಾಫೋ ಅನ್ನುವ, ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳ ಗುಂಪುಗಳು ಶುರುವಾದವು, ಅಂದರೆ ಹೆಣ್ಣುಮಕ್ಕಳು ಕಾನೂನು ಬದಲಾಗಲಿ ಅಂತ ಕಾಯದೆ ಆಗಲೇ ಒಟ್ಟಿಗೆ ಕೂತರು. ಆ ಧೈರ್ಯ ನಮ್ಮ ಊರಿನಲ್ಲೂ ಕಾಣುತ್ತಿದೆ ಅಂತ ನನಗೆ ನಿಜಕ್ಕೂ ಖುಷಿ.

ಡಿಜೆ ಹೆಣ್ಣುಮಗಳೇ. ಮೊದಲ ಒಂದು ಗಂಟೆ ಬರೀ ಹಿಂದಿ ರೀಮಿಕ್ಸ್, ಅರ್ಧ ಜನ ಗೋಡೆಗೆ ಆತು ನಿಂತಿದ್ದರು. ನಮ್ಮ ಕಡೆಯ ಜಾನಪದ ಹಾಡು ಹಾಕಿದ ಮೇಲೆ ನೋಡಬೇಕಿತ್ತು! ಸೀರೆ ಉಟ್ಟು ಬಂದಿದ್ದ, ನನಗಿಂತ ಬಹಳ ದೊಡ್ಡವರೊಬ್ಬರು ಸೆರಗು ಸಿಕ್ಕಿಸಿಕೊಂಡು ನಡುವೆ ಬಂದರು, ಆಮೇಲೆ ಯಾರೂ ಕೂರಲಿಲ್ಲ. ಜೋಗತಿ ಕುಣಿತವನ್ನು ಜಾತ್ರೆಯಲ್ಲಿ ನೋಡಿ ಬೆಳೆದ ನಾಡು ನಮ್ಮದು, ಆ ಕುಣಿತದ ಕಲಾವಿದೆ, ಟ್ರಾನ್ಸ್ ಹೆಣ್ಣುಮಗಳು ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹಾಗಿರುವಾಗ ಕುಣಿತಕ್ಕೆ ಹೊರಗಿನ ಹಾಡೇ ಬೇಕು ಅಂತೇನಿಲ್ಲ, ಅಲ್ವಾ? ಮುಂದಿನ ಸಲ ಮೊದಲಿನಿಂದಲೇ ನಮ್ಮ ಹಾಡು ಹಾಕಿ.

ಹೆಂಡ ಇಲ್ಲ. ಚಹಾ, ಗಿರಮಿಟ್ಟು, ಬಿಸಿ ಮಿರ್ಚಿ ಇದ್ದವು, ರುಚಿ ಚೆನ್ನಾಗಿತ್ತು, ಆರೂವರೆಗೇ ಖಾಲಿಯಾದವು. ಗದ್ದಲ ಸಾಕಾದವರಿಗೆ ಪಕ್ಕದ ಕೋಣೆಯಲ್ಲಿ ಚಾಪೆ, ಫ್ಯಾನು, ನೀರು ಇಟ್ಟಿದ್ದರು. ಅಲ್ಲೇ ಜಾಸ್ತಿ ಮಾತು ನಡೆದಿದ್ದು.

ಒಂದು ದೂರು ಗಟ್ಟಿಯಾಗಿಯೇ ಹೇಳಬೇಕು. ಹಾಲ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ವೀಲ್‌ಚೇರ್ ಬಳಸುವ ನನ್ನ ಗೆಳತಿ ವಿಷಯ ತಿಳಿದು ಬರಲೇ ಇಲ್ಲ. ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ ಅನ್ನುವವರು ಮೆಟ್ಟಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ನಡೆಸುವವರಿಗೆ ಹೇಳಿದ್ದೇನೆ, ನೆಲಮಹಡಿಯ ಹಾಲ್ ಹುಡುಕುತ್ತಿದ್ದಾರೆ. ಬಾಡಿಗೆ ಜಾಸ್ತಿ ಬೀಳುತ್ತದಂತೆ, ಆಗುವವರು ಇನ್ನೂರರ ಬದಲು ಮುನ್ನೂರು ಕೊಡಿ.