ಎಕ್ಸ್‌ಟೆನ್ಶನ್ ಟ್ಯೂಬ್: ಚಗಳಿ (ಕೆಂಪಿರುವೆ) ಫೋಟೋ ತೆಗಿಲಿಕ್ಕೆ ಇಷ್ಟು ಸಾಕಾ?

ಸಣ್ಣ ಸಣ್ಣದ್ದನ್ನು ಹತ್ತಿರದಿಂದ ದೊಡ್ಡದಾಗಿ ತೆಗಿಯುವ ಮ್ಯಾಕ್ರೋ ಲೆನ್ಸಿಗೆ ಹತ್ತಾರು ಸಾವಿರ ಹಾಕ್ಲಿಕ್ಕೆ ಮನಸ್ಸಿಲ್ಲದವರಿಗೆ ಈ ಸೆಟ್ ಧಾರಾಳ ಸಾಕು ಮಾರಾಯ್ರೆ. 12, 20, 36 ಎಂಎಂನ ಮೂರು ತುಂಡು, ಒಳಗೆ ಗಾಜು ಗೀಜು ಎಂತದೂ ಇಲ್ಲ, ಬರೀ ಪೊಳ್ಳು, ಲೆನ್ಸನ್ನು ಸೆನ್ಸರಿಂದ (ಕ್ಯಾಮರಾದೊಳಗೆ ಚಿತ್ರ ಬೀಳುವ ಜಾಗ) ದೂರ ಮಾಡೋದಷ್ಟೇ ಅದ್ರ ಕೆಲಸ, ಆಗ ತೀರಾ ಹತ್ತಿರ ಹೋಗಿ ದೊಡ್ಡದಾಗಿ ತೆಗಿಬಹುದು. ಮೂರನ್ನೂ ಜೋಡ್ಸಿ 50 ಎಂಎಂ ಲೆನ್ಸ್ ಹಾಕಿದ್ರೆ 68 ಭಾಗಿಸು 50, ಅಂದ್ರೆ ಸೆನ್ಸರ್ ಮೇಲೆ ಚಿತ್ರ ನಿಜ ಗಾತ್ರದ 1.36 ಪಟ್ಟು.

ಬದಿಯಡ್ಕದಲ್ಲಿ ನಮ್ಮನೆ ಹಿಂದೆ ಗೇರು ಮರದಲ್ಲಿ ಚಗಳಿ ಗೂಡುಂಟು, ಒಂದು ಚಗಳಿ ಫ್ರೇಮಲ್ಲಿ ದೊಡ್ಡದಾಗಿ ಬರ್ತದೆ, ದವಡೆಯ ಗರಗಸದಂಥ ಹಲ್ಲು, ಕಣ್ಣಿನ ಚುಕ್ಕಿ ಚುಕ್ಕಿ ಎಲ್ಲ ಕಾಣ್ತದೆ, ಆದ್ರೆ ಕಣ್ಣು ಶಾರ್ಪ್ ಬಂದ್ರೆ ಮೀಸೆ ಮಸುಕು, ಯಾಕಂದ್ರೆ ಅಪರ್ಚರ್ (ಲೆನ್ಸಲ್ಲಿ ಬೆಳಕು ಬರುವ ತೂತು) ಸಣ್ಣ ಮಾಡಿ ಎಫ್ 11 ಇಟ್ರೂ ಫೋಕಸ್ ಆಗುವ ಜಾಗ ಒಂದು ಮಿಲಿಮೀಟರೂ ಇರೋದಿಲ್ಲ. ಬೆಳಕೂ ಎರಡು ಸ್ಟಾಪಿಗಿಂತ ಜಾಸ್ತಿ ತಿಂತದೆ, ಅಂದ್ರೆ ಕಾಲು ಭಾಗವೂ ಉಳಿಯೋದಿಲ್ಲ. ಫ್ಲ್ಯಾಶ್ ಬೇಕೇ ಬೇಕು, ಅದ್ರ ಎದುರು ಟಿಶ್ಯೂ ಪೇಪರ್ ಅಂಟ್ಸಿ, ಇಲ್ಲದಿದ್ರೆ ಇರುವೆ ಬೆನ್ನೆಲ್ಲ ಬಿಳಿ ಮಿಂಚು. ಆಟೋ ಫೋಕಸ್ ಮರ್ತುಬಿಡಿ, ಕ್ಯಾಮರಾನೇ ಹಿಂದೆ ಮುಂದೆ ಮಾಡ್ಬೇಕು. ಚಗಳಿ ಕಚ್ಚೋದು ಗ್ಯಾರಂಟಿ, ಅದು ಸೆಟ್ಟಿನ ತಪ್ಪಲ್ಲ.

ಮೌಂಟ್ (ಲೆನ್ಸ್ ಸಿಕ್ಕಿಸುವ ಜಾಗ) ಪ್ಲಾಸ್ಟಿಕ್, ಸ್ವಲ್ಪ ಅಲ್ಲಾಡ್ತದೆ, ಭಾರದ ಝೂಮ್ ಲೆನ್ಸ್ ನೇತು ಹಾಕ್ಬೇಡಿ. ತಗೊಳ್ಳುವಾಗ ಕ್ಯಾಮರಾಕ್ಕೂ ಲೆನ್ಸಿಗೂ ಸಂಪರ್ಕ ಕೊಡುವ ಲೋಹದ ಪಿನ್ ಇರೋದೇ ನೋಡಿ ತಗೊಳ್ಳಿ, ಪಿನ್ ಇಲ್ಲದ್ದು ಚೀಪ್ ಸಿಗ್ತದೆ ಆದ್ರೆ ಈಗಿನ ಲೆನ್ಸಲ್ಲಿ ಅಪರ್ಚರ್ ಬದಲಾಯಿಸ್ಲಿಕ್ಕೇ ಆಗೋದಿಲ್ಲ. ನಮ್ಮ ಮಳೆಗಾಲಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಟ್ಯೂಬಿಗೆ ಎಂತ ಆಗೋದಿಲ್ಲ, ಲೆನ್ಸಿಗೆ ಫಂಗಸ್ ಹಿಡೀತದೆ. ಐದಕ್ಕೆ ನಾಲ್ಕು ಸ್ಟಾರ್.