ದೀಪ ಮಿಣುಕುವ ಮಕ್ಕಳ ಬ್ರಷ್: ಎರಡು ತಿಂಗಳು ಬಳಸಿದ ಮೇಲೆ

ನನ್ನ ಮಗಳಿಗೆ ಈಗ ಎರಡು ವರ್ಷ ಮೂರು ತಿಂಗಳು. ಬ್ರಷ್ ಕಂಡರೆ ಸಾಕು, ತುಟಿ ಬಿಗಿದು ಮುಖ ಆ ಕಡೆ ತಿರುಗಿಸುತ್ತಿದ್ದಳು. ಎತ್ತಿಕೊಂಡರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಜಾರಿಕೊಳ್ಳುವುದು, ಅಪ್ಪಿತಪ್ಪಿ ಬಾಯಿ ತೆರೆದಾಗ ಬ್ರಷ್ ಇಟ್ಟರೆ ಕಟಕ್ಕನೆ ಕಚ್ಚಿ ಹಿಡಿದುಕೊಳ್ಳುವುದು. ಬೆಳಿಗ್ಗೆ ಒಂದು ರಂಪ, ರಾತ್ರಿ ಒಂದು ರಂಪ. ಸಾಕಾಗಿಹೋಗಿ, "ಮಕ್ಕಳೇ ಕೇಳಿ ಹಲ್ಲುಜ್ಜುತ್ತಾರೆ" ಅಂತ ಪೊಟ್ಟಣದ ಮೇಲೆ ಬರೆದಿದ್ದ ಈ ದೀಪದ ಬ್ರಷ್ ತಂದೆ.

ಇದು ಕರೆಂಟಿನ ಬ್ರಷ್ ಅಲ್ಲ, ತಾನಾಗಿ ತಿರುಗುವುದಿಲ್ಲ. ಮಾಮೂಲಿ ಬ್ರಷ್ಷೇ, ಹಿಡಿಯೊಳಗೆ ಒಂದು ಬಣ್ಣದ ದೀಪ ಇದೆ ಅಷ್ಟೆ. ಗುಂಡಿ ಒತ್ತಿದರೆ ಒಂದು ನಿಮಿಷ ಮಿಣುಕಿ ಆರುತ್ತದೆ. ಬುಡದಲ್ಲಿ ರಬ್ಬರಿನ ಬಟ್ಟಲು ಇರುವುದರಿಂದ ಸಿಂಕಿನ ಪಕ್ಕ ಅಂಟಿ ನಿಲ್ಲುತ್ತದೆ. ತಲೆ ಚಿಕ್ಕದು, ಎಳೆಗಳು ತುಂಬಾ ಮೆತ್ತಗಿವೆ. ಈ ಎರಡು ವಿಷಯದಲ್ಲಿ ತಯಾರಿಸಿದವರಿಗೆ ಪೂರ್ತಿ ಅಂಕ.

ಇದಕ್ಕೂ ಮುಂಚೆ ಎರಡು ಬ್ರಷ್ ಬಂದು ಹೋಗಿದ್ದವು. ಬೆರಳಿಗೆ ಹಾಕಿಕೊಳ್ಳುವ ಸಿಲಿಕೋನ್ ಬ್ರಷ್ ಮೊದಲ ಹಲ್ಲು ಬಂದಾಗ ಚೆನ್ನಾಗಿತ್ತು. ದವಡೆ ಹಲ್ಲು ಬಂದ ಮೇಲೆ ಅದರಲ್ಲಿ ಉಜ್ಜಿದವರಿಗೆ ಗೊತ್ತು, ಬೆರಳು ವಾಪಸ್ ಬಂದರೆ ಪುಣ್ಯ. ಆಮೇಲೆ ಎಲ್ಲ ಹಲ್ಲನ್ನೂ ಒಂದೇ ಸಲಕ್ಕೆ ಉಜ್ಜುತ್ತದೆ ಅನ್ನುವ ಕುದುರೆ ಲಾಳದ ಆಕಾರದ್ದು. ಪ್ರತಿ ಮಗುವಿನ ದವಡೆ ಒಂದೊಂದು ಅಳತೆ, ಅದು ಒಸಡಿನ ಅಂಚಿಗೆ ಸರಿಯಾಗಿ ಕೂರುವುದೇ ಇಲ್ಲ. ನನ್ನ ಮಗಳು ಅದನ್ನು ಹಾಯಾಗಿ ಜಗಿದಳು. ಅದಕ್ಕೆ ದುಡ್ಡು ಹಾಕಬೇಡಿ.

ದೀಪದ ಬ್ರಷ್ ಮೊದಲ ವಾರ ಜಾದು ಮಾಡಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಆರು ಗಂಟೆಗೇ "ದೀಪ, ದೀಪ" ಅಂತ ಸಿಂಕಿನ ಹತ್ತಿರ ನಿಲ್ಲುತ್ತಿದ್ದಳು. ಎರಡನೇ ವಾರಕ್ಕೆ ವಿಷಯ ಗೊತ್ತಾಯಿತು, ಅವಳಿಗೆ ಬೇಕಾಗಿದ್ದು ದೀಪ ಮಾತ್ರ, ಉಜ್ಜುವುದಲ್ಲ. ಬ್ರಷ್ ಬಾಯಲ್ಲಿದ್ದರೆ ದೀಪ ಕಾಣುವುದಿಲ್ಲ, ಹಾಗಾಗಿ ಹೊರಗೆ ತೆಗೆದು ನೋಡುತ್ತಾ ನಿಲ್ಲುವುದು, ಆರಿದ ಕೂಡಲೇ ಮತ್ತೆ ಒತ್ತುವುದು. ಒಂದು ದಿನ ಅದನ್ನು ಬಾಯಲ್ಲಿಟ್ಟುಕೊಂಡೇ ಮನೆಯೆಲ್ಲ ಓಡಾಡಿದಳು. ಬಿದ್ದರೆ ಬ್ರಷ್ ಗಂಟಲಿಗೆ ಚುಚ್ಚುತ್ತೆ ಅಲ್ವಾ, ನನ್ನ ಜೀವವೇ ಹೋದ ಹಾಗಾಯಿತು. ಅವತ್ತಿಂದ ಕುಳಿತುಕೊಂಡರೆ ಮಾತ್ರ ಬ್ರಷ್ ಕೈಗೆ.

ನಿಜವಾಗಿ ದಾರಿ ಸಿಕ್ಕಿದ್ದು ಹಲ್ಲಿನ ಡಾಕ್ಟರ ಹತ್ತಿರ ಹೋದಾಗ. ಮೊದಲ ಹುಟ್ಟುಹಬ್ಬದ ಹೊತ್ತಿಗೇ ಒಮ್ಮೆ ತೋರಿಸಬೇಕಿತ್ತಂತೆ, ನಾವು ಒಂದು ವರ್ಷ ತಡ. ಏಳೆಂಟು ವರ್ಷ ಆಗುವ ತನಕ ಮಕ್ಕಳ ಕೈಗೆ ಸರಿಯಾಗಿ ಉಜ್ಜುವ ಹಿಡಿತ ಬರುವುದಿಲ್ಲ, ಉಜ್ಜುವ ಕೆಲಸ ನಿಮ್ಮದೇ ಅಂದರು. ನಿಂತುಕೊಂಡು ಎದುರಿನಿಂದ ಉಜ್ಜುವ ಬದಲು ಮಲಗಿಸಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಅಂತ ತೋರಿಸಿಯೂ ಕೊಟ್ಟರು. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರಬಹುದು, ಮಗುವಿನ ಕಾಲು ಒಬ್ಬರ ಕಡೆ, ತಲೆ ಇನ್ನೊಬ್ಬರ ಮಡಿಲಲ್ಲಿ. ಮೇಲಿನಿಂದ ನೋಡಿದಾಗ ಹಿಂದಿನ ಹಲ್ಲು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಇಷ್ಟು ದಿನ ನಾನು ಮುಂದಿನ ನಾಲ್ಕು ಹಲ್ಲನ್ನೇ ತಿಕ್ಕುತ್ತಿದ್ದೆ ಅಂತ ಆಗ ಗೊತ್ತಾಯಿತು. ಮೇಲಿನ ತುಟಿ ಎತ್ತಿ ಒಸಡಿನ ಅಂಚಲ್ಲಿ ಸುಣ್ಣದ ಹಾಗೆ ಬಿಳಿ ಗೆರೆ ಇದೆಯಾ ನೋಡಿ. ಹುಳುಕು ಶುರುವಾಗುವುದು ಹಾಗೇ, ಕಪ್ಪಾಗುವ ತನಕ ಕಾಯಬೇಡಿ.

ಹಾಲು ಹಲ್ಲು ತಾನೇ, ಹೇಗೂ ಬೀಳುತ್ತೆ, ಸುಮ್ನೆ ಯಾಕೆ ಅಳಿಸ್ತೀಯ ಅಂತ ನನಗೂ ಹೇಳಿದವರಿದ್ದಾರೆ. ಹಿಂದಿನ ಹಾಲು ಹಲ್ಲು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿಯ ತನಕ ಅದರಲ್ಲೇ ಅಗಿಯಬೇಕು, ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಹಾಲು ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್, ತೆಳುವಾಗಿರುವುದರಿಂದ ಹುಳುಕು ಬಿದ್ದರೆ ಬೇಗ ಒಳಗಿಳಿಯುತ್ತದೆ.

ಈಗ ನಮ್ಮ ಪದ್ಧತಿ ಹೀಗಿದೆ. ದೀಪದ ಬ್ರಷ್ ಅವಳ ಕೈಯಲ್ಲಿ, ದೀಪವಿಲ್ಲದ ಸಾದಾ ಬ್ರಷ್ ನನ್ನ ಕೈಯಲ್ಲಿ. ಅವಳು ಮಡಿಲಲ್ಲಿ ಮಲಗಿ ದೀಪ ನೋಡುತ್ತಾಳೆ, ನಾನು ಉಜ್ಜುತ್ತೇನೆ. ಒಂದು ಸಲ ಗುಂಡಿ ಒತ್ತಿದರೆ ಮೇಲಿನ ಸಾಲು, ಇನ್ನೊಂದು ಸಲ ಒತ್ತಿದರೆ ಕೆಳಗಿನದು. ಎರಡು ನಿಮಿಷದ ಲೆಕ್ಕ ಸರಿಹೋಯಿತು. ಅಂದರೆ ಬ್ರಷ್ ಅಂತ ತಂದದ್ದು ಗಡಿಯಾರವಾಗಿ ಕೆಲಸಕ್ಕೆ ಬಂತು!

ಜೊತೆಗೆ ಉಚಿತವಾಗಿ ಬಂದ ಪುಟ್ಟ ಪೇಸ್ಟ್ ಬಗ್ಗೆ ದೂರು ಇದೆ. ಹಣ್ಣಿನ ರುಚಿ, ಬಾಯಿ ತುಂಬಾ ನೊರೆ, ಫ್ಲೋರೈಡ್ ಇಲ್ಲವೇ ಇಲ್ಲ. ಹುಳುಕು ತಡೆಯುವುದೇ ಫ್ಲೋರೈಡ್. ಫ್ಲೋರೈಡ್ 1000 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಇರುವ ಪೇಸ್ಟನ್ನು ಮೂರು ವರ್ಷದ ತನಕ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಆರರ ತನಕ ಬಟಾಣಿಯಷ್ಟು ಹಚ್ಚಿದರೆ ಸಾಕು. ಅಕ್ಕಿಕಾಳಿನಷ್ಟು ನುಂಗಿದರೂ ಗಾಬರಿ ಬೇಡ, ಆದರೆ ಟ್ಯೂಬು ಮಾತ್ರ ಮಗುವಿನ ಕೈಗೆ ಸಿಗದ ಹಾಗೆ ಇಡಿ. ನೊರೆ ಕಮ್ಮಿ ಇರುವ, ಪುದೀನ ಖಾರ ಇಲ್ಲದ ಪೇಸ್ಟ್ ಹಾಕಿದ ಮೇಲೆ ಅವಳ ಅರ್ಧ ಜಗಳ ನಿಂತುಹೋಯಿತು. ಇಷ್ಟು ದಿನ ಅವಳಿಗೆ ಬಾಯಿ ಉರಿಯುತ್ತಿತ್ತೇನೋ ಪಾಪ.

ಐದನೇ ವಾರ ಎಲ್ಲ ಮತ್ತೆ ಹಾಳಾಗಿ ಬ್ರಷ್ ಎಸೆದಳು. ನಾನು ಈ ವಿಮರ್ಶೆಯನ್ನು ಆಗಲೇ ಬರೆದಿದ್ದರೆ ಒಂದೇ ನಕ್ಷತ್ರ ಕೊಡುತ್ತಿದ್ದೆ. ನೋಡಿದರೆ ಕೊನೆಯ ದವಡೆ ಹಲ್ಲು ಬರುತ್ತಿತ್ತು, ಒಸಡು ಊದಿತ್ತು. ನಾಲ್ಕು ದಿನ ಆ ಮೂಲೆಯಲ್ಲಿ ಮೆಲ್ಲಗೆ ಸವರಿ ಬಿಟ್ಟೆ.

ಏಳನೇ ವಾರಕ್ಕೆ ಬ್ಯಾಟರಿ ಮುಗಿಯಿತು. ಬದಲಾಯಿಸುವ ಹಾಗಿಲ್ಲ, ಹಿಡಿಯನ್ನು ಪೂರ್ತಿ ಅಂಟಿಸಿ ಮುಚ್ಚಿದ್ದಾರೆ. ಮೊದಲು ಸಿಟ್ಟು ಬಂತು. ಆಮೇಲೆ ಅನಿಸಿತು, ಸುಲಭವಾಗಿ ಬಿಚ್ಚುವ ಹಾಗಿದ್ದರೆ ಇವಳು ಬಟನ್ ಬ್ಯಾಟರಿ ತೆಗೆದು ನುಂಗಿಯೇ ಬಿಡುತ್ತಿದ್ದಳು, ಅದು ಅನ್ನನಾಳವನ್ನೇ ಸುಟ್ಟುಬಿಡುತ್ತದೆ. ಹೇಗೂ ಮೂರು ತಿಂಗಳಿಗೆ ಬ್ರಷ್ ಬದಲಾಯಿಸಬೇಕು, ಎಳೆ ಬಿರಿದರೆ ಇನ್ನೂ ಮುಂಚೆ. ಆದರೂ ಏಳು ವಾರ ಕಮ್ಮಿಯಾಯಿತು. ಬುಡದ ರಬ್ಬರ್ ಬಟ್ಟಲಲ್ಲಿ ನೀರು ನಿಂತು ಕಪ್ಪು ಕಟ್ಟುತ್ತದೆ, ವಾರಕ್ಕೊಮ್ಮೆ ತಿಕ್ಕಬೇಕು, ಅದೊಂದು ಕೆಲಸ.

ದೀಪ ಆರಿದ ರಾತ್ರಿ ದೊಡ್ಡ ರಂಪ ಆಗುತ್ತೆ ಅಂದುಕೊಂಡಿದ್ದೆ. ಎರಡು ಸಲ ಒತ್ತಿ ನೋಡಿದಳು, "ಮಲ್ಕೊಂತು" ಅಂದಳು, ಮಡಿಲಲ್ಲಿ ತಲೆಯಿಟ್ಟು ಬಾಯಿ ತೆರೆದಳು.

ಐದಕ್ಕೆ ಮೂರು ನಕ್ಷತ್ರ. ಮುಂದಿನ ಸಲ ಎರಡೂ ಸಾದಾ ಬ್ರಷ್ಷೇ ತರುತ್ತೇನೆ.