ಟೈಟಾನೊಮಿರ್ಮಾ ರಾಣಿಯ ಪಡಿಯಚ್ಚು: ಅಚ್ಚು ಚೆನ್ನ, ಚೀಟಿ ತಪ್ಪು

ಮೂಡಿಗೆರೆಯ ನಮ್ಮ ಪ್ರೌಢಶಾಲೆಯ ವಿಜ್ಞಾನ ಕೊಠಡಿಗೆಂದು ಕಳೆದ ತಿಂಗಳು ಆನ್‌ಲೈನ್ ಮಾರಾಟಗಾರರೊಬ್ಬರಿಂದ ದೈತ್ಯ ಇರುವೆ ಟೈಟಾನೊಮಿರ್ಮಾ ಜೈಗಾಂಟಿಯಾದ ಪಳೆಯುಳಿಕೆಯ ಪಡಿಯಚ್ಚನ್ನು 1,450 ರೂಪಾಯಿ ಕೊಟ್ಟು ತರಿಸಿಕೊಂಡೆ. ರಾಳದಲ್ಲಿ ಎರಕ ಹೊಯ್ದ ಹಲಗೆ ಅದು.

ಅಚ್ಚಿನ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಸ್ಕೇಲಿಟ್ಟು ಅಳೆದಾಗ ದೇಹ 6 ಸೆಂ.ಮೀ., ಬಿಚ್ಚಿದ ರೆಕ್ಕೆಗಳ ಅಗಲ 15 ಸೆಂ.ಮೀ. ಬಂದಿತು, ಜರ್ಮನಿಯ ಮೆಸೆಲ್ ಗಣಿಯಲ್ಲಿ ದೊರೆತ ರಾಣಿಯರ ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ರೆಕ್ಕೆಯ ನರಗಳು ಬೆರಳಿಗೆ ತಾಗುತ್ತವೆ, ಚಪ್ಪಟೆಯಾದ ಹೊಟ್ಟೆಯ ಪಟ್ಟೆಗಳನ್ನು ಎಣಿಸಬಹುದು. ಕಾಫಿ ತೋಟಗಳಲ್ಲಿ ಚಗಳಿ ಎಂಬ ಕೆಂಪಿರುವೆಯಿಂದ ಕಚ್ಚಿಸಿಕೊಂಡೇ ಬೆಳೆದ ನಮ್ಮ ಮಕ್ಕಳಲ್ಲಿ ಒಬ್ಬಳು ಸತ್ತ ಚಗಳಿಗಳನ್ನು ತಂದು ಅಚ್ಚಿನ ಪಕ್ಕದಲ್ಲಿ ಸಾಲಾಗಿ ಇಟ್ಟಳು. ಆರು ಇಟ್ಟರೂ ರಾಣಿಯ ಉದ್ದ ಮುಟ್ಟಲಿಲ್ಲ.

ಬಣ್ಣದ ಮೇಲೆ ಬಳಿದ ಮಿರುಗು ಮಾತ್ರ ಬೇಡವಾಗಿತ್ತು.

ನನ್ನ ದೊಡ್ಡ ಆಕ್ಷೇಪ ಹಲಗೆಗೆ ಅಂಟಿಸಿದ ಚೀಟಿಯ ಬಗ್ಗೆ. ಅದರಲ್ಲಿ ‘ಡೈನೋಸಾರ್ ಕಾಲದ ಕೆಲಸಗಾರ ಇರುವೆ’ ಎಂದಿತ್ತು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಮೆಸೆಲ್‌ನ ಎಣ್ಣೆಜೇಡಿ ಪದರಗಳು ಸುಮಾರು 4.8 ಕೋಟಿ ವರ್ಷ ಹಳೆಯವು. ಅದಕ್ಕಿಂತ ಮುಖ್ಯವಾಗಿ, ಈ ಇರುವೆಯ ಕೆಲಸಗಾರರ ಪಳೆಯುಳಿಕೆ ಈವರೆಗೆ ಸಿಕ್ಕೇ ಇಲ್ಲ. ಸಿಕ್ಕಿರುವುದೆಲ್ಲ ರೆಕ್ಕೆಯುಳ್ಳ ರಾಣಿಯರು ಮತ್ತು ಗಂಡುಗಳು. ಮಿಲನಕ್ಕಾಗಿ ಗೂಡು ಬಿಟ್ಟು ಹಾರಿದ ಇರುವೆಗಳು ಅಂದು ಮೆಸೆಲ್‌ನಲ್ಲಿದ್ದ ಸರೋವರದ ನೀರಿಗೆ ಬಿದ್ದು ತಳದ ಕೆಸರಿನಲ್ಲಿ ಉಳಿದವು. ರೆಕ್ಕೆಯಿಲ್ಲದೆ ನೆಲದ ಮೇಲೆ ದುಡಿಯುತ್ತಿದ್ದ ಕೆಲಸಗಾರರು ಅಲ್ಲಿಗೆ ತಲುಪಲಿಲ್ಲ ಎಂಬುದು ತಜ್ಞರ ವಿವರಣೆ. ರೆಕ್ಕೆಗಳನ್ನು ಇಷ್ಟು ಚೆನ್ನಾಗಿ ಮೂಡಿಸಿದವರೇ ಅದನ್ನು ಕೆಲಸಗಾರನೆಂದು ಕರೆದರೆ, ಈ ಪಳೆಯುಳಿಕೆ ಕಲಿಸಬೇಕಾದ ಅತಿ ಒಳ್ಳೆಯ ಪಾಠವೇ ಮಕ್ಕಳ ಕೈತಪ್ಪುತ್ತದೆ.

ಮಾರಾಟಗಾರರಿಗೆ ಬರೆದಾಗ ಎರಡೇ ದಿನಗಳಲ್ಲಿ ಸೌಜನ್ಯದ ಉತ್ತರವೂ ಹೊಸ ಚೀಟಿಯೂ ಬಂದವು. ಡೈನೋಸಾರ್ ಹೋಗಿತ್ತು, ‘ಕೆಲಸಗಾರ’ ಹಾಗೆಯೇ ಉಳಿದಿತ್ತು. ಕೊನೆಗೆ ‘ರಾಣಿ, ಮೆಸೆಲ್, ಜರ್ಮನಿ’ ಎಂದು ನಾನೇ ಬರೆದು ಅಂಟಿಸಿದೆ. ಶಾಲೆಗೆ ಕೊಳ್ಳುವವರು ಧೈರ್ಯವಾಗಿ ಕೊಳ್ಳಬಹುದು, ಆದರೆ ಚೀಟಿಯ ಚಿತ್ರವನ್ನು ಮೊದಲೇ ಕೇಳಿ ತರಿಸಿ ಓದಿಕೊಳ್ಳಿ.